ಕರಿ ಮೇಲೆ ಬೆಳ್ಳಿಯೋ, ಬಂಗಾರದ ಗೆರೆಯೋ? ಸಣ್ಣ ಅನಿಮೇಷನ್‌ಗೆ ಚಿತ್ರಶೈಲಿ ಆರಿಸುವಾಗ

ಕಳೆದ ವರ್ಷ ನಾವು ಮೂವರು ಸೇರಿ 4 ನಿಮಿಷದ ಒಂದು ಅನಿಮೇಷನ್ ಚಿತ್ರ ಮಾಡೋಣ ಅಂತ ಕೂತೆವು. ಬೀದರಿನ ಚೌಬಾರಾ ಗೋಪುರದ ಹತ್ತಿರ ಒಂದು ಬಾಡಿಗೆ ಕೋಣೆ, ಎರಡು ಕಂಪ್ಯೂಟರ್, ಒಂದು ಹಳೇ ಪೆನ್ ಟ್ಯಾಬ್ಲೆಟ್. ಒಬ್ಬ ಲಗ್ನದ ವಿಡಿಯೊ ಎಡಿಟ್ ಮಾಡುವವ, ಒಬ್ಬಳು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್, ಎರಡೂ ಅರ್ಧಂಬರ್ಧ ಗೊತ್ತಿರುವವನು ನಾನು.

ಮೊದಲ 3 ತಿಂಗಳು ನಾವು ಮಾಡಿದ್ದು ಒಂದೇ ಕೆಲಸ. ಚೆಂದದ ಚಿತ್ರ ಬಿಡಿಸಿದ್ದು. 14 ದೊಡ್ಡ ಬಣ್ಣದ ಚಿತ್ರಗಳು. ಕೋಟೆ, ಕಮಾನು, ಮಿನಾರು, ಪಾರಿವಾಳ. ನೋಡಿದವರೆಲ್ಲ ವಾಹ್ ಅಂದರು. ಆಮೇಲೆ ಕಥೆ ಜೋಡಿಸಲು ಹೋದರೆ, 14ರಲ್ಲಿ 11 ಚಿತ್ರಗಳಿಗೆ ಕಥೆಯಲ್ಲಿ ಜಾಗವೇ ಇರಲಿಲ್ಲ. ಪಾರಿವಾಳಕ್ಕಂತೂ ಯಾವ ಕೆಲಸವೂ ಇರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಾಗಾಯಿತು.

ಎರಡನೇ ಸಲ ಉಲ್ಟಾ ಹೋದೆವು. ಮೊದಲು ಕಥೆಯ ಮುಖ್ಯ ಘಟ್ಟಗಳು, ಆಮೇಲೆ ಶೈಲಿ. ಘಟ್ಟಗಳು ಕೈಗೆ ಸಿಕ್ಕ ಮೇಲೆ ನಮ್ಮ ಸುತ್ತಮುತ್ತ ಇರುವ ನಾಲ್ಕು ಚಿತ್ರಪರಂಪರೆಗಳನ್ನು ಒಂದೊಂದಾಗಿ ಆ ಘಟ್ಟಗಳ ಮೇಲೆ ಇಟ್ಟು ನೋಡಿದೆವು. ಯಾವುದು ಎಲ್ಲಿ ನಿಂತಿತು, ಯಾವುದು ಎಲ್ಲಿ ಬಿತ್ತು ಅನ್ನುವುದೇ ಈ ಬರಹ. ನಿಮ್ಮ ಕಥೆ ಬೇರೆ ಇರುತ್ತದೆ, ಹಾಗಾಗಿ ಉತ್ತರವೂ ಬೇರೆ ಬರಬಹುದು.

ನಮ್ಮ ಕಥೆ ಮತ್ತು ಅದರ 5 ಘಟ್ಟಗಳು

ಬೀದರ್ ಬಲ್ಲವರಿಗೆ ನೌಬಾದಿನ ಸುರಂಗ ಬಾವಿ ಗೊತ್ತು. ಬಹಮನಿ ಕಾಲದ್ದು, 15ನೇ ಶತಮಾನದ್ದು. ಕರೇಜ್ ಅಂತಲೂ ಕರೆಯುತ್ತಾರೆ. ನೆಲದೊಳಗೆ ಸುರಂಗ ಕೊರೆದು, ಅದಕ್ಕೆ ತುಸುವೇ ಇಳಿಜಾರು ಕೊಟ್ಟು, ಅಂತರ್ಜಲವನ್ನು ಎತ್ತದೆ, ಎಳೆಯದೆ, ತಾನಾಗಿ ಹರಿದು ಬರುವಂತೆ ಮಾಡಿದ ಏರ್ಪಾಡು. ಸುರಂಗದ ಉದ್ದಕ್ಕೂ ಮೇಲಿನಿಂದ ಸಾಲಾಗಿ ಬಾವಿ ತೋಡಿದ್ದಾರೆ. ಗಾಳಿ ಬೆಳಕಿಗೂ ಅವೇ, ಒಳಗಿನ ಮಣ್ಣು ತೆಗೆಯಲೂ ಅವೇ.

ಕಥೆ ಇಷ್ಟೇ. ಬೇಸಿಗೆ. ಟ್ಯಾಂಕರ್ ನೀರು ಸಿಗದೆ ಒಬ್ಬ ಹುಡುಗಿ ಖಾಲಿ ಕೊಡ ಹಿಡಿದು ವಾಪಸ್ ಬರುತ್ತಾಳೆ. ಸಿಟ್ಟಿಗೆ ಕೊಡವನ್ನು ಕಾಲಿನಿಂದ ಉರುಳಿಸುತ್ತಾ ಬರುವಾಗ ಅದು ಒಂದು ಬಾವಿಯೊಳಗೆ ಬೀಳುತ್ತದೆ. ಇದು ಮೊದಲ ಘಟ್ಟ. ಅವಳು ಬಗ್ಗಿ ನೋಡುತ್ತಾಳೆ, ಒಳಗಿನಿಂದ ನೀರಿನ ಸಪ್ಪಳ ಬರುತ್ತದೆ. ಎರಡು. ಕತ್ತಲಲ್ಲಿ ಕೊಡವೊಂದೇ ತೇಲಿಕೊಂಡು ಹೋಗುತ್ತದೆ, ಒಂದೊಂದು ಬಾವಿಯ ಕೆಳಗೂ ಒಂದೊಂದು ದುಂಡನೆಯ ಬೆಳಕು. ಮೂರು. ಮೇಲೆ ಹುಡುಗಿ ಬಾವಿಯಿಂದ ಬಾವಿಗೆ ಓಡುತ್ತಾ ಕಿವಿಗೊಡುತ್ತಾಳೆ. ನಾಲ್ಕು. ಸುರಂಗದ ಬಾಯಲ್ಲಿ ಕೊಡ ಹೊರಗೆ ಬರುತ್ತದೆ, ಅಲ್ಲಿ ಆಯಿ, ಅಂದರೆ ಅಜ್ಜಿ, ಇದ್ದಾಳೆ. ಐದು.

ಇಷ್ಟು ಸರಳ ಮಾಡಲು ಒಂದೂವರೆ ತಿಂಗಳು ಹಿಡಿಯಿತು, ಹೇಳಲು ನಾಚಿಕೆ.

ಘಟ್ಟಗಳನ್ನು ಹುಡುಕುವ ಮೂರು ದಾರಿ

ದೊಡ್ಡ ಸ್ಟುಡಿಯೊಗಳಲ್ಲಿ ಸ್ಟೈಲ್ ಫ್ರೇಮ್ ಅಂತ ಮಾಡುತ್ತಾರೆ. ಮುಗಿದ ಸಿನಿಮಾದಿಂದ ಕಿತ್ತು ತಂದಂತೆ ಕಾಣುವ ಒಂದೊಂದು ಪೂರ್ಣ ಚಿತ್ರ. ದುಡ್ಡು ಕೇಳಲು ಹೋಗುವವರಿಗೆ ಇದು ಬೇಕೇ ಬೇಕು. ಅರ್ಜಿ ಜೊತೆ ಇಡಲು ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಕಥೆ ಇನ್ನೂ ಹಸಿ ಇರುವಾಗ ಸ್ಟೈಲ್ ಫ್ರೇಮ್ ಮಾಡಿದರೆ ಏನಾಗುತ್ತದೆ ಅಂತ ಮೇಲೆ ಹೇಳಿದೆ. ಎರಡು ದಿನ ಕೂತು ಬಿಡಿಸಿದ ಚಿತ್ರವನ್ನು ಕಿತ್ತೊಗೆಯಲು ಮನಸ್ಸು ಬರುವುದಿಲ್ಲ. ಕಥೆಯನ್ನೇ ಅದಕ್ಕೆ ಬಗ್ಗಿಸಲು ಶುರು ಮಾಡುತ್ತೀರಿ.

ಎರಡನೆಯದು ಬೀಟ್ ಬೋರ್ಡ್. ಒಂದು ಘಟ್ಟಕ್ಕೆ ಒಂದೇ ಚಿಕ್ಕ ಚಿತ್ರ, ಅದೂ ಒರಟಾಗಿ. ಸ್ಟೋರಿಬೋರ್ಡ್‌ನಂತೆ ಒಂದೊಂದು ಶಾಟ್ ಲೆಕ್ಕ ಇದರಲ್ಲಿ ಇಲ್ಲ. ಮೂರನೆಯದು ಅನಿಮ್ಯಾಟಿಕ್. ಒರಟು ಚಿತ್ರಗಳನ್ನು ಸದ್ದಿನ ಜೊತೆ ಸಮಯಕ್ಕೆ ಸರಿಯಾಗಿ ಸಾಲು ಹಚ್ಚಿ, ಸಿನಿಮಾ ಹಾಗೆ ಓಡಿಸಿ ನೋಡುವುದು. ಮಾತು ಅಥವಾ ಹಾಡಿನ ಮೇಲೆ ನಿಂತ ಕಥೆಯಾದರೆ ನೇರವಾಗಿ ಅನಿಮ್ಯಾಟಿಕ್‌ಗೆ ಹೋಗಿ, ನಡುವೆ ಸಮಯ ಕಳೆಯಬೇಡಿ. ನಮ್ಮದರಲ್ಲಿ ಮಾತೇ ಇಲ್ಲ, ಹಾಗಾಗಿ ಬೀಟ್ ಬೋರ್ಡ್ ಹಿಡಿದೆವು.

ನಾವು ಮಾಡಿದ ರೀತಿ ಹೇಳುತ್ತೇನೆ, ಖರ್ಚಿಲ್ಲ. ಹಳೇ ಲಗ್ನಪತ್ರಿಕೆಗಳ ಹಿಂಬದಿಯನ್ನು 16 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿದೆವು. ಟಿವಿ, ಮೊಬೈಲ್ ಪರದೆಯ ಅಳತೆ ಅದೇ 16ಕ್ಕೆ 9. ಇದ್ದಿಲು ಕಡ್ಡಿಯಲ್ಲಿ ಬಿಡಿಸಿದ್ದು, ಒಂದಕ್ಕೆ 5 ನಿಮಿಷದ ಮೇಲೆ ಕೊಡುವಂತಿಲ್ಲ. ಒಟ್ಟು 60ಕ್ಕೂ ಜಾಸ್ತಿ ಕಾರ್ಡ್ ಆದವು. ಅವನ್ನೆಲ್ಲ ಕೋಣೆಯ ಶಹಾಬಾದಿ ಪರ್ಸಿ ಮೇಲೆ, ಅಂದರೆ ಕಲ್ಲುಹಾಸಿನ ನೆಲದ ಮೇಲೆ, ಹರಡಿದೆವು. ಫ್ಯಾನ್ ಹಾಕಿದರೆ ಹಾರುತ್ತವೆ, ಹಾಕದಿದ್ದರೆ ಮೇ ತಿಂಗಳಲ್ಲಿ ನಾವು ಬೇಯುತ್ತೇವೆ. ಒಂದೊಂದು ಕಾರ್ಡಿನ ಮೇಲೂ ಒಂದೊಂದು ಕಲ್ಲು ಇಟ್ಟೆವು. ಆ ಬೂದು ಪರ್ಸಿಯಿಂದ ಒಂದು ಲಾಭವೂ ಆಯಿತು. ಬಿಳಿ ಗೋಡೆಯ ಮೇಲೆ ಅಂಟಿಸಿದ್ದರೆ ಎಲ್ಲ ಕಾರ್ಡೂ ಕಪ್ಪಾಗಿಯೇ ಕಾಣುತ್ತಿದ್ದವು. ನಡುಬಣ್ಣದ ನೆಲದ ಮೇಲೆ ಯಾವುದು ನಿಜವಾಗಿ ಕಪ್ಪು, ಯಾವುದು ಬೆಳಕು ಅಂತ ತಟ್ಟನೆ ಗೊತ್ತಾಯಿತು.

ಪರೀಕ್ಷೆ ಒಂದೇ. ಕಥೆ ಗೊತ್ತಿಲ್ಲದವರನ್ನು ಕರೆದು ತಂದು, ನೀವು ಬಾಯಿ ಮುಚ್ಚಿಕೊಂಡು, ಅವರಿಂದ ಕಥೆ ಹೇಳಿಸಬೇಕು. ನಾವು ಮನೆ ಮಾಲೀಕರ ತಾಯಿಯನ್ನು ಕರೆದೆವು. ಆಗ ನಮ್ಮ ಕಾರ್ಡುಗಳಲ್ಲಿ ಇದ್ದದ್ದು ಹಿತ್ತಾಳೆ ಕೊಡ. ನೋಡಲು ಚೆಂದ, ಹೊಳೆಯುತ್ತದೆ, ಹಳೇ ಕಾಲದ ಕಳೆ ಇದೆ ಅಂತ. ಆ ಯಮ್ಮ ಮೂರನೇ ಕಾರ್ಡಿನ ತನಕ ಸರಿಯಾಗಿ ಹೇಳುತ್ತಾ ಬಂದವರು ಅಲ್ಲಿ ನಿಂತರು. "ಅಲ್ರಿ, ಹಿತ್ತಾಳಿ ಕೊಡ ಮ್ಯಾಲಿಂದ ಬಿದ್ರ ಬುಡುಕ್ ಅಂತ ಮುಳಗತದ. ಇದ್ಹ್ಯಾಂಗ ತೇಲ್ಲಕತ್ತದ?" ಅಂದರು.

ಮೂವರೂ ಮುಖ ಮುಖ ನೋಡಿಕೊಂಡೆವು. ಸಂಜೆಯೊಳಗೆ ಕೊಡ ಪ್ಲಾಸ್ಟಿಕ್ ಆಯಿತು. ಪ್ಲಾಸ್ಟಿಕ್ ಆದ ಮೇಲೆಯೇ ಕಥೆ ಈಗಿನದ್ದು ಅನಿಸಿತು, ಟ್ಯಾಂಕರ್ ಬಂದು ಸೇರಿತು. ಶೈಲಿಯ ಅರ್ಧ ತೀರ್ಮಾನ ಅಲ್ಲೇ ಆಗಿಹೋಗಿತ್ತು ಅಂತ ಈಗ ಅನಿಸುತ್ತದೆ. ಹಿತ್ತಾಳೆ ಕೊಡ ಇದ್ದಿದ್ದರೆ ನಾವು ಸುಮ್ನೆ ರಾಜರ ಕಾಲದ ಚಿತ್ರ ಮಾಡುತ್ತಿದ್ದೆವು.

ಬಿದ್ರಿ: ಕರಿ ಮೇಲೆ ಬೆಳ್ಳಿ

ಬೀದರಿನಲ್ಲಿ ಕೂತು ಅನಿಮೇಷನ್ ಮಾಡುವವರಿಗೆ ಮೊದಲು ಹೊಳೆಯುವುದು ಬಿದ್ರಿಯೇ. ನಮಗೂ ಹಾಗೇ ಆಯಿತು. ಇದಕ್ಕೇ ಜಾಸ್ತಿ ಸಮಯ ಕೊಟ್ಟೆವು, ಇಲ್ಲೂ ಜಾಸ್ತಿ ಬರೆಯುತ್ತೇನೆ.

ಕೆಲಸ ಮಾಡುವ ಜಾಗಕ್ಕೇ ಹೋಗಿ ಕೂತು ನೋಡಿದೆವು. ಸಾಮಾನಿನ ಮೈ ಬಹುಪಾಲು ಸತು, ಜೊತೆಗೆ ಸ್ವಲ್ಪ ತಾಮ್ರ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ. ಆಮೇಲೆ ಮೈಲುತುತ್ತದ ನೀರು ಸವರುತ್ತಾರೆ. ಅದರಿಂದ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ, ಮೊನೆಯಿಂದ ಗೀರಿದ ಗೆರೆ ಕಾಣುತ್ತದೆ. ಆ ಗೆರೆ ಹಿಡಿದು ಉಳಿಯಿಂದ ಕೆತ್ತುವುದು. ಕೆತ್ತಿದ ಕಾಲುವೆಯಲ್ಲಿ ಬೆಳ್ಳಿ ತಂತಿ ಇಟ್ಟು ಸುತ್ತಿಗೆಯಿಂದ ಸಣ್ಣಗೆ ಬಡಿದು ಕೂರಿಸುವುದು. ಇಷ್ಟಾದ ಮೇಲೆ ಮತ್ತೆ ಉಜ್ಜಿದರೆ ಎಲ್ಲವೂ ಒಂದೇ ಬೂದು ಬಣ್ಣ. ಬೆಳ್ಳಿ ಯಾವುದು, ಸತು ಯಾವುದು ಗೊತ್ತೇ ಆಗದು. ಕಡೆಗೆ ಸಾಮಾನನ್ನು ಬಿಸಿ ಮಾಡಿ, ಕೋಟೆಯ ಹಳೇ ಮಣ್ಣಿನಲ್ಲಿ ನವಸಾಗರ ಅನ್ನುವ ಉಪ್ಪು ಕಲಸಿ ಹಚ್ಚುತ್ತಾರೆ. ಸತುವಿನ ಮೈ ಕಡುಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ನಮ್ಮ ಕಣ್ಣೆದುರೇ ಒಂದು ಸಣ್ಣ ಡಬ್ಬಿಯ ಮುಚ್ಚಳ ಹಾಗೆ ಕಪ್ಪಾಯಿತು. ಹೂಬಳ್ಳಿ ಒಮ್ಮೆಲೇ ಎದ್ದು ಬಂತು. ಎಣ್ಣೆ ಕೈಯಿಂದ ಒಮ್ಮೆ ಸವರಿ ಪಕ್ಕಕ್ಕಿಟ್ಟರು.

ಅಲ್ಲಿದ್ದ ಹಿರಿಯರಿಗೆ ನಮ್ಮ ಕಾರ್ಡ್ ತೋರಿಸಿ, "ಇದಕ್ಕೆ ಯಾವ ಡಿಸೈನ್ ಕೂಡ್ತದ ಚಾಚಾ?" ಅಂತ ಕೇಳಿದೆ. ಅವರು ಕಾರ್ಡ್ ಕಡೆ ನೋಡಲೇ ಇಲ್ಲ. "ಯಾವ ಸಾಮಾನಿಗಿ? ಸುರಾಯಿಗಿ ಏನು, ತಾಟಿಗಿ ಏನು? ಅದು ಮೊದಲ ಹೇಳ್ರಿ" ಅಂದರು. ಸುರಾಯಿಯ ಕತ್ತಿಗೆ ಹಾಕುವ ಬಳ್ಳಿ ತಾಟಿನ ನಡುವಿಗೆ ಕೂಡುವುದಿಲ್ಲವಂತೆ.

ಈಗ ಹೋಲಿಕೆಗೆ ಬರೋಣ. ಬಿದ್ರಿಯಲ್ಲಿ ನಡುಬಣ್ಣ ಇಲ್ಲ. ಕಪ್ಪು, ಬೆಳ್ಳಿ, ಅಷ್ಟೇ. ನೆರಳು ತೋರಿಸಲು ಬೂದು ಸಿಗದು. ಹಾಗಾಗಿ ನಮ್ಮ ಮೂರನೇ ಘಟ್ಟಕ್ಕೆ, ಅಂದರೆ ಸುರಂಗಕ್ಕೆ, ಇದು ಹೇಳಿ ಮಾಡಿಸಿದ ಹಾಗಿತ್ತು. ಎರಡನೇ ಘಟ್ಟಕ್ಕೂ ಸೈ. ಕೆಳಗಿನಿಂದ ನೋಡಿದರೆ ಬಾವಿಯ ಬಾಯಿ ಒಂದು ಬೆಳ್ಳಿ ಬಿಲ್ಲೆ, ಅದರ ಅಂಚಿನಲ್ಲಿ ಹುಡುಗಿಯ ತಲೆ ಕಪ್ಪಾಗಿ ಮೂಡುತ್ತದೆ, ಎರಡು ಜಡೆ ಜೋತು ಬಿದ್ದಿವೆ. ಮುಖವೇ ಕಾಣಬೇಕಿಲ್ಲ.

ಮೊದಲ ಘಟ್ಟದಲ್ಲಿ ಮಾತ್ರ ಬಿದ್ರಿ ಪೂರ್ತಿ ಸೋತಿತು. ಬೀದರಿನ ಬೇಸಿಗೆಯ ಮಧ್ಯಾಹ್ನ, ಜಂಬಿಟ್ಟಿಗೆಯ ಕೆಂಪು ನೆಲ, ಟ್ಯಾಂಕರಿನ ಮುಂದೆ ಹತ್ತು ಬಣ್ಣದ ಕೊಡಗಳು, ಜಗಳ. ಇದನ್ನೆಲ್ಲ ಕಪ್ಪಿನ ಮೇಲೆ ತೋರಿಸಿದರೆ ಅಮಾವಾಸ್ಯೆ ರಾತ್ರಿ ನೀರು ಹಿಡಿಯುತ್ತಿದ್ದಾರೆ ಅನಿಸುತ್ತದೆ. ಐದನೇ ಘಟ್ಟದಲ್ಲಿ ಆಯಿಯ ಮುಖ ಹತ್ತಿರದಿಂದ ಕಾಣಬೇಕು. ಸುಕ್ಕುಗಳನ್ನು ಬೆಳ್ಳಿ ಗೆರೆಯಲ್ಲಿ ಬಿಡಿಸಿದರೆ ಮುಖ ಜೇಡರ ಬಲೆಯಾಯಿತು.

ಇನ್ನೊಂದು ಮಾತು, ಇದು ಕಲಿತದ್ದು ಕೈಸುಟ್ಟುಕೊಂಡು. ಬಿದ್ರಿಯಲ್ಲಿ ತಂತಿ ಕೂರಿಸುವ ತಾರ್ಕಶಿ ಬೇರೆ, ಬೆಳ್ಳಿಯ ತೆಳು ಹಾಳೆ ಕೂರಿಸುವ ತೆಹನಿಶಾನ್ ಬೇರೆ. ಒಂದು ಗೆರೆಯ ಕೆಲಸ, ಇನ್ನೊಂದು ಆಕಾರದ ಕೆಲಸ. ನಾವು ಮೊದಲು ತಾರ್ಕಶಿ ಹಿಡಿದು ಬರೀ ಸಣ್ಣ ಗೆರೆಯಲ್ಲಿ 6 ಸೆಕೆಂಡ್ ಓಡಿಸಿ ನೋಡಿದೆವು. ಕೈಯಿಂದ ಬಿಡಿಸಿದ ಗೆರೆ ಚಿತ್ರದಿಂದ ಚಿತ್ರಕ್ಕೆ ಸ್ವಲ್ಪ ಅಲುಗಾಡುತ್ತದೆ. ಬಿಳಿ ಹಾಳೆಯ ಮೇಲೆ ಕಪ್ಪು ಗೆರೆ ಅಲುಗಿದರೆ ಮುದ್ದಾಗಿರುತ್ತದೆ. ಕಪ್ಪಿನ ಮೇಲೆ ಬಿಳಿ ಗೆರೆ ಅಲುಗಿದರೆ ಟ್ಯೂಬ್‌ಲೈಟ್ ಮಿಣುಕಿದ ಹಾಗೆ ಕಣ್ಣು ನೋಯುತ್ತದೆ. ಮೇಲಾಗಿ ವಿಡಿಯೊ ಅಪ್‌ಲೋಡ್ ಮಾಡಿದಾಗ ಕಂಪ್ರೆಸ್ ಆಗಿ ಸಣ್ಣ ಗೆರೆಗಳು ಒಡೆದು ಹೋಗುತ್ತವೆ, ಕಪ್ಪಿನಲ್ಲಿ ಚೌಕ ಚೌಕ ಕಲೆ ಏಳುತ್ತವೆ. ಕಪ್ಪು ಶೈಲಿ ಹಿಡಿಯುವವರು ತೆಹನಿಶಾನ್ ಕಡೆಗೇ ವಾಲಿ. ದೊಡ್ಡ ಆಕಾರ, ಕಡಿಮೆ ಗೆರೆ.

ಸುರಪುರ: ಬಂಗಾರದ ಗೆರೆ

ಯಾದಗಿರಿ ಜಿಲ್ಲೆಯ ಸುರಪುರದಲ್ಲಿ ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಚಿತ್ರಕಲೆ ಬಿದ್ರಿಗೆ ಪೂರ್ತಿ ಎದುರು. ದೇವರು, ದರ್ಬಾರು, ಒಡವೆ, ಸೀರೆಯ ಅಂಚು, ಎಲ್ಲೆಲ್ಲೂ ಬಣ್ಣ, ಮೇಲೆ ಬಂಗಾರ. ಇಂಚಿಂಚೂ ಕುಸುರಿ. ನಮ್ಮ ಡ್ರಾಯಿಂಗ್ ಟೀಚರ್ ಮನಸ್ಸು ಇದರ ಮೇಲೇ ಇತ್ತು, ಅವಳು ಅದೇ ಕಡೆಯವಳು.

ಟ್ಯಾಂಕರ್ ಮುಂದಿನ ಗುಂಪಿಗೆ ಈ ಶೈಲಿ ಬಹಳ ಚೆನ್ನಾಗಿ ಕೂತಿತು. ಒಬ್ಬರ ಹಿಂದೆ ಒಬ್ಬರು ಸಾಲಾಗಿ, ಪಕ್ಕನೋಟದಲ್ಲಿ, ದರ್ಬಾರಿನಲ್ಲಿ ನಿಂತ ಹಾಗೆ ಕೊಡ ಹಿಡಿದ ಹೆಂಗಸರು. ನಡುವೆ ಪೈಪ್ ಹಿಡಿದ ಟ್ಯಾಂಕರ್ ಡ್ರೈವರ್, ರಾಜನ ಠೀವಿಯಲ್ಲಿ. ನೋಡಿದವರೆಲ್ಲ ನಕ್ಕರು. ಆ ಒಂದು ಚಿತ್ರ ಈಗಲೂ ಗೋಡೆಯ ಮೇಲಿದೆ.

ತೊಂದರೆ ಲೆಕ್ಕದ್ದು. ಅನಿಮೇಷನ್ ಸೆಕೆಂಡಿಗೆ 24 ಫ್ರೇಮ್. ಒಂದು ಚಿತ್ರವನ್ನು ಎರಡೆರಡು ಫ್ರೇಮ್ ಹಿಡಿದರೂ ಸೆಕೆಂಡಿಗೆ 12 ಚಿತ್ರ. 4 ನಿಮಿಷಕ್ಕೆ 2,880. ಸಾದಾ ಶೈಲಿಯಲ್ಲಿ ನನ್ನ ಕೈಗೆ ದಿನಕ್ಕೆ 15 ಚಿತ್ರ ಮುಗಿಯುತ್ತವೆ, ಅಂದರೆ ಒಬ್ಬನೇ ಮಾಡಿದರೆ 192 ದಿನ. ಸುರಪುರದ ಸೀರೆ ಅಂಚು, ಮೂಗುತಿ, ಬಾಜುಬಂದು ಎಲ್ಲ ಸೇರಿಸಿದರೆ ದಿನಕ್ಕೆ 2 ಚಿತ್ರ ಆದರೆ ದೊಡ್ಡದು. ಆಗ 1,440 ದಿನ. ನಾಲ್ಕು ವರ್ಷ ಅದೇ ಚೌಬಾರಾ ಕೋಣೆಯಲ್ಲಿ! ಬಾಡಿಗೆಯೇ ಕಥೆಗಿಂತ ಉದ್ದವಾಗುತ್ತದೆ.

ಹಾಗಂತ ಕೈಬಿಡಬೇಕಿಲ್ಲ. ಪಾತ್ರ ಅಲುಗದೆ ಕ್ಯಾಮೆರಾ ಮಾತ್ರ ಚಿತ್ರದ ಮೇಲೆ ಮೆಲ್ಲಗೆ ಸಾಗುವ ಕಥೆಗಳಿಗೆ, ಪುರಾಣ ಹೇಳುವ ಧ್ವನಿ ಹಿಂದೆ ಇರುವ ಕಥೆಗಳಿಗೆ ಸುರಪುರ ಶೈಲಿಯೇ ಸರಿ. ಅಲ್ಲಿ 2,880 ಬೇಡ, 40 ಒಳ್ಳೆಯ ಚಿತ್ರ ಸಾಕು. ಓಡುವ, ಬೀಳುವ, ಉರುಳುವ ಕಥೆಗೆ ಬೇಡ.

ಕನಗನಹಳ್ಳಿ: ಒಂದು ಹಲಗೆ, ಒಂದು ಘಟ್ಟ

ಇದನ್ನು ಶೈಲಿ ಅಂತ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನನಗೆ ಮಾತ್ರ ಎಲ್ಲಕ್ಕಿಂತ ಜಾಸ್ತಿ ಕಲಿಸಿದ್ದು ಇದೇ. ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲೂಕಿನಲ್ಲಿ, ಸನ್ನತಿ ಪಕ್ಕದಲ್ಲಿ, ಭೀಮಾ ದಂಡೆಗೆ ಕನಗನಹಳ್ಳಿ. ಅಲ್ಲಿ ಅಗೆದಾಗ ದೊಡ್ಡ ಬೌದ್ಧ ಸ್ತೂಪ ಸಿಕ್ಕಿತು. ಸುಣ್ಣದ ಕಲ್ಲಿನ ಹಲಗೆಗಳ ಮೇಲೆ ಬುದ್ಧನ ಬದುಕು, ಅವನ ಹಿಂದಿನ ಜನ್ಮಗಳ ಜಾತಕ ಕಥೆಗಳು. ರಾಣಿಯ ಜೊತೆ ನಿಂತ ಅಶೋಕನ ಚಿತ್ರ, ಅದರ ಜೊತೆ ಬ್ರಾಹ್ಮಿ ಲಿಪಿಯಲ್ಲಿ ಬರೆದ ಅವನ ಹೆಸರು ಕೂಡ ಅಲ್ಲಿಯದೇ.

ಆ ಶಿಲ್ಪಿಗೆ ನಮ್ಮ ಹಾಗೆ ಸೆಕೆಂಡಿಗೆ 12 ಚಿತ್ರ ಇರಲಿಲ್ಲ. ಇದ್ದದ್ದು ಒಂದು ಹಲಗೆ. ಹಾಗಾಗಿ ಯಾವ ಗಳಿಗೆಯನ್ನು ಕೆತ್ತಬೇಕು ಅನ್ನುವುದನ್ನು ಅವನು ನಮಗಿಂತ ಹತ್ತು ಪಟ್ಟು ಗಟ್ಟಿಯಾಗಿ ಯೋಚಿಸಿರಬೇಕು. ಎಷ್ಟೋ ಕಡೆ ಬುದ್ಧನೇ ಇಲ್ಲ. ಖಾಲಿ ಪೀಠ, ಮರ, ಚಕ್ರ. ಸುತ್ತ ಕೈಮುಗಿದು ನಿಂತವರನ್ನು ನೋಡಿ ಯಾರು ಅಲ್ಲಿ ಕೂತಿದ್ದಾರೆ ಅಂತ ನಾವೇ ತಿಳಿಯಬೇಕು.

ನಮ್ಮ ಮೊದಲ ಘಟ್ಟದಲ್ಲಿ ಕೊಡ ಬಾವಿಗೆ ಬೀಳುವುದನ್ನು 9 ಕಾರ್ಡುಗಳಲ್ಲಿ ಬಿಡಿಸಿದ್ದೆವು. ಮೇಲಿನಿಂದ, ಪಕ್ಕದಿಂದ, ಒಳಗಿನಿಂದ. ಸನ್ನತಿಯಿಂದ ವಾಪಸ್ ಬರುವಾಗ ಬಸ್ಸಿನಲ್ಲಿಯೇ ಎಡಿಟರ್ ಅಂದ, "ಬೀಳೂದೇ ಬ್ಯಾಡ. ಒದ್ಯಾಕ ಎತ್ತಿದ ಕಾಲು, ಮುಂದ ಏನೂ ಇಲ್ಲ. ಅಷ್ಟೇ ತೋರಸಮು." ಹಾಗೇ ಮಾಡಿದೆವು. ಒಂಟಿ ಕಾಲಲ್ಲಿ ನಿಂತ ಹುಡುಗಿ, ಮುಂದೆ ಬಾವಿಯ ಬಾಯಿ, ಕೊಡ ಇಲ್ಲ. 9 ಕಾರ್ಡುಗಳ ಜಾಗದಲ್ಲಿ ಒಂದು.

ಇನ್ನೊಂದನ್ನೂ ಕಲ್ಲಿನ ಹಲಗೆಗಳಿಂದಲೇ ತಂದೆವು. ಹಲಗೆಯನ್ನು ಮೇಲೆ ಕೆಳಗೆ ಎರಡು ಅಂಕಣ ಮಾಡಿ ಎರಡು ದೃಶ್ಯ ಕೂರಿಸುವ ರೀತಿ. ನಾಲ್ಕನೇ ಘಟ್ಟ ಹಾಗೇ ಆಯಿತು. ಪರದೆಯ ನಡುವೆ ನೆಲದ ಗೆರೆ. ಮೇಲೆ ಓಡುವ ಹುಡುಗಿ, ಕೆಳಗೆ ತೇಲುವ ಕೊಡ, ಎರಡೂ ಒಟ್ಟಿಗೆ ಕಾಣುತ್ತವೆ. ಮೊದಲು ಇದನ್ನು ಒಮ್ಮೆ ಅವಳು, ಒಮ್ಮೆ ಕೊಡ ಅಂತ ಹಾರಿಸಿ ಹಾರಿಸಿ ಕಟ್ ಮಾಡಿದ್ದೆವು, ನೋಡುವವರಿಗೆ ಯಾವುದು ಮುಂದಿದೆ ಅಂತಲೇ ತಿಳಿಯುತ್ತಿರಲಿಲ್ಲ.

ಹಾಗಾದರೆ ಇಡೀ ಚಿತ್ರವನ್ನೇ ಕಲ್ಲಿನ ಉಬ್ಬುಚಿತ್ರದ ಹಾಗೆ ಮಾಡಬಹುದಿತ್ತಲ್ಲ? ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಒಂದು ವಾರ ಪ್ರಯತ್ನ ಮಾಡಿದೆವು. ಒಂದೇ ಬೂದುಬಿಳಿ ಬಣ್ಣ, ಪಕ್ಕದಿಂದ ಬೆಳಕು. ಸ್ಥಿರ ಚಿತ್ರದಲ್ಲಿ ಅದ್ಭುತ, ಅಲುಗಿದರೆ ಸಾಬೂನಿನ ಗೊಂಬೆ. ಬಿಟ್ಟೆವು.

ತೊಗಲುಗೊಂಬೆ

ಇದು ಬೀದರ್, ಕಲಬುರಗಿ, ಯಾದಗಿರಿ ಈ ನಮ್ಮ ಮೂರು ಜಿಲ್ಲೆಗಿಂತ ಬಳ್ಳಾರಿ, ಕೊಪ್ಪಳದ ಕಡೆ ಜಾಸ್ತಿ. ಆದರೂ ಪಟ್ಟಿಯಲ್ಲಿ ಇಟ್ಟುಕೊಂಡೆವು, ಯಾಕೆಂದರೆ ಕಟೌಟ್ ಅನಿಮೇಷನ್‌ಗೆ ಇದಕ್ಕಿಂತ ಹತ್ತಿರದ ನೆಂಟ ಇಲ್ಲ. ಕೈ, ಕಾಲು, ತಲೆ ಬೇರೆ ಬೇರೆ ಬಿಡಿಸಿ ಕೀಲಿನಲ್ಲಿ ಜೋಡಿಸಿದರೆ ಆಯಿತು. ಪ್ರತಿ ಫ್ರೇಮಿಗೆ ಹೊಸ ಚಿತ್ರ ಬೇಡ, ಇರುವುದನ್ನೇ ತಿರುಗಿಸುವುದು. ಒಬ್ಬರೇ ಕೂತು ಮಾಡುವವರು, 6 ತಿಂಗಳಿಗಿಂತ ಜಾಸ್ತಿ ಕೊಡಲಾಗದವರು ಬೇರೆ ಯೋಚನೆ ಮಾಡದೆ ಇದನ್ನೇ ಹಿಡಿಯಿರಿ.

ನಾವು ಇದರಿಂದ ಒಂದೇ ಗುಟ್ಟು ಕದ್ದೆವು. ತೊಗಲುಗೊಂಬೆಯಲ್ಲಿ ರಾಜ, ದೇವರು ದೊಡ್ಡ ಗೊಂಬೆ, ಸೇವಕರು ಸಣ್ಣ ಗೊಂಬೆ. ಹತ್ತಿರ ದೂರದ ಲೆಕ್ಕ ಅಲ್ಲ, ದರ್ಜೆಯ ಲೆಕ್ಕ. ನಮ್ಮ ಟ್ಯಾಂಕರ್ ಸಾಲಿನಲ್ಲಿ ಡ್ರೈವರ್ ಎಲ್ಲರಿಗಿಂತ ಒಂದೂವರೆ ಪಟ್ಟು ದೊಡ್ಡವನು. ಹುಡುಗಿ ಅವನ ಮೊಣಕಾಲಿಗೆ ಬರುತ್ತಾಳೆ. ಕಡೆಯ ಘಟ್ಟದಲ್ಲಿ ಅವಳು ಮತ್ತು ಆಯಿ ಪರದೆ ತುಂಬ ಇದ್ದಾರೆ.

ಕಡೆಗೆ ಏನು ಆರಿಸಿದೆವು

ಹಾಗಾದರೆ ಎಲ್ಲದರಿಂದ ಒಂದೊಂದು ಚೂರು ತಂದು ಕಿಚಡಿ ಮಾಡಿದಿರಾ ಅಂತ ಕೇಳಬಹುದು. ಆ ಭಯ ನಮಗೂ ಇತ್ತು. ಅದಕ್ಕೆ ಒಂದು ಕಟ್ಟು ಹಾಕಿಕೊಂಡೆವು. ಗೆರೆ ಒಂದೇ ಇರಬೇಕು. ಬಿದ್ರಿ ತಂತಿಯ ಹಾಗೆ, ಶುರುವಿನಿಂದ ಕೊನೆತನಕ ಒಂದೇ ದಪ್ಪ, ತುದಿಗೆ ಸಣ್ಣಗಾಗುವುದಿಲ್ಲ. ನೆಲದ ಮೇಲೆ ತಿಳಿ ಬಣ್ಣದ ಹಿನ್ನೆಲೆಯ ಮೇಲೆ ಕಪ್ಪು ಗೆರೆ, ನೆಲದೊಳಗೆ ಕಪ್ಪಿನ ಮೇಲೆ ಬೆಳ್ಳಿಯ ಆಕಾರಗಳು. ಬದಲಾಗುವುದು ಎರಡನೇ ಘಟ್ಟದಲ್ಲಿ, ಅವಳು ಬಗ್ಗಿ ನೋಡಿದಾಗ, ಒಂದೇ ಸಲಕ್ಕೆ. ನವಸಾಗರ ಹಚ್ಚಿದ ಮುಚ್ಚಳ ಕಪ್ಪಾದದ್ದು ನೋಡಿರದಿದ್ದರೆ ಇದು ಹೊಳೆಯುತ್ತಿರಲಿಲ್ಲ.

ಬಣ್ಣಕ್ಕೆ ಕಲರ್ ಸ್ಕ್ರಿಪ್ಟ್ ಮಾಡಿದೆವು. ಇದು ದೊಡ್ಡ ವಿದ್ಯೆ ಏನಲ್ಲ. ಇಡೀ ಚಿತ್ರಕ್ಕೆ ಒಂದು ಉದ್ದನೆಯ ಪಟ್ಟಿ, ಅದರಲ್ಲಿ ಘಟ್ಟಕ್ಕೆ ಒಂದರಂತೆ ಬಣ್ಣದ ಚೌಕ. ದೂರ ನಿಂತು ನೋಡಿದರೆ ಕಥೆಯ ಏರಿಳಿತ ಬಣ್ಣದಲ್ಲೇ ಕಾಣಬೇಕು. ನಮ್ಮ ಮೊದಲ ಚೌಕ ಜಂಬಿಟ್ಟಿಗೆ ಕೆಂಪು, ಸುಣ್ಣ ಬಳಿದಂಥ ಆಕಾಶ. ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನ ಆಕಾಶ ನೀಲಿ ಇರುವುದಿಲ್ಲ, ಬೆಳ್ಳಗಿರುತ್ತದೆ. ಇದನ್ನು ಬಿಡಿಸುವಾಗ ಎಲ್ಲರೂ ಮರೆಯುತ್ತಾರೆ. ಎರಡು, ಮೂರು ಕಪ್ಪು. ನಾಲ್ಕು ಅರ್ಧ ಬಿಳಿ, ಅರ್ಧ ಕಪ್ಪು. ಐದು ಸಂಜೆ.

ಕೊಡದ ಬಣ್ಣಕ್ಕೆ ಮಾತ್ರ ಒಂದು ವಾರ ಜಗಳ. ಕೆಂಪು ಅಂದ ಎಡಿಟರ್. ಕಪ್ಪು ಬಿಳುಪಿನ ನಡುವೆ ಒಂದೇ ಕೆಂಪು ವಸ್ತು, ಆ ಟ್ರಿಕ್ಕು ಎಲ್ಲರೂ ಮಾಡಿ ಸವೆಸಿದ್ದಾರೆ, ಬೇಡ ಅಂದೆ. ಹಳದಿ ಬೆಳ್ಳಿಯ ಪಕ್ಕದಲ್ಲಿ ಕೊಳೆ ಕಾಣಿಸಿತು. ಕಡೆಗೆ ಟೀಚರ್ ನಮ್ಮನ್ನು ಮಹಮೂದ್ ಗವಾನ್ ಮದರಸಾಕ್ಕೆ ಕರೆದೊಯ್ದಳು. ಅದು 1472ರ ಕಟ್ಟಡ, ಕೋಣೆಯಿಂದ ನಡೆದು ಹೋಗುವಷ್ಟು ಹತ್ತಿರ. ಮುಂಬದಿಯ ಗೋಡೆ, ಉಳಿದಿರುವ ಒಂದು ಮಿನಾರಿನ ಮೇಲೆ ಅಲ್ಲಲ್ಲಿ ಹಳೇ ಟೈಲ್ಸ್ ಇನ್ನೂ ಅಂಟಿಕೊಂಡಿವೆ. ಅವುಗಳಲ್ಲಿ ಒಂದು ನೀಲಿ. ಫೋನಿನಲ್ಲಿ ಫೋಟೊ ತೆಗೆದು, ಸಂತೆಯಲ್ಲಿ ಸಿಗುವ ನೀಲಿ ಪ್ಲಾಸ್ಟಿಕ್ ಕೊಡದ ಪಕ್ಕ ಇಟ್ಟು ನೋಡಿದರೆ ಅಣ್ಣತಮ್ಮಂದಿರ ಹಾಗಿದ್ದವು. ಅದೇ ಆಯಿತು.

ನಿಮ್ಮದಕ್ಕೆ ಯಾವುದು?

ಕಥೆ ಮುಖಭಾವದ ಮೇಲೆ ನಿಂತಿದ್ದರೆ, ಅಳು, ನಗು, ನಾಚಿಕೆ ಹತ್ತಿರದಿಂದ ಕಾಣಬೇಕಿದ್ದರೆ, ಈ ನಾಲ್ಕರಲ್ಲಿ ಯಾವುದೂ ಸಾಲದು. ದುಂಡು ಮುಖ, ದೊಡ್ಡ ಕಣ್ಣಿನ ಸಾದಾ ಶೈಲಿಯೇ ಒಳ್ಳೆಯದು. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ನಮ್ಮ ಮಣ್ಣಿನ ಶೈಲಿ ಬೇಕು ಅಂತ ಹಟ ಹಿಡಿದು ಕಥೆ ಕೊಲ್ಲಬೇಡಿ. ಕತ್ತಲು, ಗುಹೆ, ರಾತ್ರಿ, ದೆವ್ವ, ಬಾವಿ ಇದ್ದರೆ ಬಿದ್ರಿ. ಹೇಳುವ ಧ್ವನಿ ಇದ್ದು ಓಟ ಕಡಿಮೆ ಇದ್ದರೆ ಸುರಪುರ. ಕೈ ಒಂದೇ, ಸಮಯ ಕಡಿಮೆ ಅಂದರೆ ತೊಗಲುಗೊಂಬೆ. ಕನಗನಹಳ್ಳಿಗೆ ಶೈಲಿ ಬೇಕಿರಲಿ ಬಿಡಲಿ, ಒಮ್ಮೆ ಹೋಗಿ ಬನ್ನಿ. ಕಾರ್ಡ್ ಬಿಡಿಸುವ ಮೊದಲು ಹೋದರೆ ಇನ್ನೂ ಒಳ್ಳೆಯದು.

ಸಾಫ್ಟ್‌ವೇರ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕ್ರಿಟಾ, ಓಪನ್‌ಟೂನ್ಜ್, ಬ್ಲೆಂಡರ್ ಮೂರೂ ಪುಕ್ಕಟೆ ಸಿಗುತ್ತವೆ. ಕೈಯಿಂದ ಬಿಡಿಸಿದ ಗೆರೆಗೆ ನನಗೆ ಕ್ರಿಟಾ ಹಿಡಿಸಿತು. ಕಟೌಟ್‌ಗಾದರೆ ಓಪನ್‌ಟೂನ್ಜ್ ನೋಡಿ. ಬೇಸಿಗೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲು ಬರುವುದಿಲ್ಲ, ಹತ್ತು ನಿಮಿಷಕ್ಕೊಮ್ಮೆ ತಾನೇ ಸೇವ್ ಆಗುವ ಹಾಗೆ ಇಟ್ಟುಕೊಳ್ಳಿ.

ಯಾವುದನ್ನೇ ಆರಿಸಿ, ಮುಂದುವರಿಯುವ ಮೊದಲು ಎರಡು ಕೆಲಸ ಮಾಡಿ. ಒಂದು, 5 ಘಟ್ಟಗಳ ಚಿತ್ರಗಳನ್ನು ಹೆಬ್ಬೆರಳ ಉಗುರಿನಷ್ಟು ಸಣ್ಣ ಮಾಡಿ ನೋಡಿ. ಆಗಲೂ ಯಾರು ಎಲ್ಲಿದ್ದಾರೆ ಅಂತ ತಿಳಿಯಬೇಕು. ಎರಡು, ಅವನ್ನು ಫೋನಿಗೆ ಹಾಕಿಕೊಂಡು ಮಧ್ಯಾಹ್ನ 12ಕ್ಕೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಿ. ನಮ್ಮ ಜನ ನೋಡುವುದು ಅಲ್ಲೇ. ನಮ್ಮ ಮೂರನೇ ಘಟ್ಟ ಕೋಣೆಯಲ್ಲಿ ಗಂಭೀರವಾಗಿತ್ತು, ಬಸ್ ಸ್ಟ್ಯಾಂಡಿನಲ್ಲಿ ನನ್ನ ಮುಖವೇ ಕಾಣುವ ಕನ್ನಡಿಯಾಗಿತ್ತು. ಬೆಳಕಿನ ವೃತ್ತಗಳನ್ನು ಎರಡು ಪಟ್ಟು ದೊಡ್ಡ ಮಾಡಿ, ಕೊಡದ ಸುತ್ತ ನೀರಿಗೆ ಬೆಳ್ಳಿ ಹಾಳೆಯಂಥ ಪಟ್ಟಿಗಳನ್ನು ಹಾಕಿದ ಮೇಲೆ ಸರಿಯಾಯಿತು.

ಐದನೇ ಘಟ್ಟ ಇನ್ನೂ ಬಗೆಹರಿದಿಲ್ಲ. ಒಂದು ಕಾರ್ಡಿನಲ್ಲಿ ಕೊಡ ತುಂಬಿ ಬಂದಿದೆ, ಆಯಿ ಅದನ್ನು ಸೊಂಟಕ್ಕೆ ಎತ್ತಿಕೊಳ್ಳುತ್ತಾಳೆ. ಇನ್ನೊಂದರಲ್ಲಿ ಕೊಡ ಖಾಲಿಯೇ ಇದೆ, ಆಯಿ ಬಗ್ಗಿ ನೀರು ಮುಟ್ಟುತ್ತಾಳೆ, ಹುಡುಗಿ ಏದುಸಿರು ಬಿಡುತ್ತಾ ಬಂದು ನಿಲ್ಲುತ್ತಾಳೆ. ಮೊದಲನೆಯದು ನೋಡಿದ ಕೂಡಲೇ ಅರ್ಥವಾಗುತ್ತದೆ. ಎರಡನೆಯದು ನನಗೆ ಇಷ್ಟ. ಮಾಲೀಕರ ತಾಯಿಯನ್ನು ಮತ್ತೆ ಕರೆದಿದ್ದೇವೆ. ತುಂಬಿದ ಕೊಡ ತೇಲುವುದಿಲ್ಲ ಅಂತ ಅವರು ಹೇಳೇ ಹೇಳುತ್ತಾರೆ, ಅಲ್ವಾ?